ಹಿರಿಯರ ಓರಿಯೆಂಟಿಯರಿಂಗ್: ಅಂತಾರಾಷ್ಟ್ರೀಯ ಸ್ಪರ್ಧೆಗಳು

ಓರಿಯೆಂಟಿಯರಿಂಗ್ ಎಂಬುದು ನಕ್ಷೆ ಮತ್ತು ದಿಕ್ಸೂಚಿಯ ನೆರವಿನಿಂದ ಅಪರಿಚಿತ ನೆಲದಲ್ಲಿ ಗೊತ್ತುಪಡಿಸಿದ ತಾಣಗಳನ್ನು ಒಂದಾದ ಮೇಲೊಂದರಂತೆ ಹುಡುಕಿಕೊಂಡು ಓಡುವ ಕ್ರೀಡೆ. ಎಲ್ಲ ತಾಣಗಳನ್ನೂ ಕ್ರಮ ತಪ್ಪದೆ ಮುಟ್ಟಿ ಅತಿ ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ. ಎರಡು ತಾಣಗಳ ನಡುವೆ ಇಂಥದೇ ದಾರಿಯಲ್ಲಿ ಹೋಗಬೇಕೆಂಬ ಕಟ್ಟಳೆಯಿಲ್ಲ. ಗುಡ್ಡ ಹತ್ತಿ ಇಳಿಯುವುದೋ, ಬಳಸಿಕೊಂಡು ಹೋಗುವುದೋ ಓಟಗಾರರೇ ತೀರ್ಮಾನಿಸಬೇಕು. ಈ ಕ್ರೀಡೆಯಲ್ಲಿ 35 ವರ್ಷ ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನವರಿಗಾಗಿ ನಡೆಯುವ ಅತಿ ದೊಡ್ಡ ಕೂಟ ವಿಶ್ವ ಮಾಸ್ಟರ್ಸ್ ಓರಿಯೆಂಟಿಯರಿಂಗ್ ಚಾಂಪಿಯನ್‌ಷಿಪ್. ಅಂತಾರಾಷ್ಟ್ರೀಯ ಓರಿಯೆಂಟಿಯರಿಂಗ್ ಒಕ್ಕೂಟದ ಅಧಿಕೃತ ಸ್ಪರ್ಧೆಗಳಲ್ಲಿ ಇದೂ ಒಂದು. ಐದೈದು ವರ್ಷಕ್ಕೊಂದರಂತೆ ವಯೋವರ್ಗಗಳು 90, 95ರವರೆಗೂ ಸಾಗುತ್ತವೆ. ತೊಂಬತ್ತು ದಾಟಿದವರು ಎದೆಗೆ ಅಂಕಿ ಕಟ್ಟಿಕೊಂಡು ಒಬ್ಬರೇ ಕಾಡಿನೊಳಕ್ಕೆ ಹೋಗಿ, ಹುಡುಕಬೇಕಾದ್ದನ್ನೆಲ್ಲ ಹುಡುಕಿ ಹೊರಬರುವುದು ಇಲ್ಲಿ ವಾಡಿಕೆಯ ಸಂಗತಿ.

ಹಿರಿಯರ ಸ್ಪರ್ಧೆ ಎಂದಾಗ ಪ್ರೋತ್ಸಾಹಕ್ಕೆಂದು ನಡೆಸುವ ನಡಿಗೆಯ ಚಿತ್ರ ನಮ್ಮ ಮನಸ್ಸಿಗೆ ಬರುವುದುಂಟು. ಇದು ಅಂಥದ್ದಲ್ಲ. ವಯಸ್ಸು ಹೆಚ್ಚಿದಂತೆ ಓಡುವ ದೂರವನ್ನು ಕಡಿಮೆ ಮಾಡುತ್ತಾರೆ, ಹತ್ತುವ ಎತ್ತರವನ್ನೂ ಕಡಿಮೆ ಮಾಡುತ್ತಾರೆ. ನಕ್ಷೆ ಓದುವ ಕಷ್ಟವನ್ನು ಮಾತ್ರ ಕಡಿಮೆ ಮಾಡುವುದಿಲ್ಲ. ಎಂಬತ್ತರ ವರ್ಗದವರು ಹುಡುಕುವ ಕೊರಕಲು ನಲವತ್ತರ ವರ್ಗದವರು ಹುಡುಕುವ ಕೊರಕಲಿನಷ್ಟೇ ಗೂಢವಾದ ಜಾಗದಲ್ಲಿರುತ್ತದೆ. ಹಿರಿಯರ ಓರಿಯೆಂಟಿಯರಿಂಗಿನ ಗೌರವ ನಿಂತಿರುವುದು ಈ ಒಂದು ತತ್ತ್ವದ ಮೇಲೆ.

ಹಿನ್ನೆಲೆ

ಕ್ರೀಡೆಯ ತವರು ಸ್ಕ್ಯಾಂಡಿನೇವಿಯಾ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವೀಡನ್ ಮತ್ತು ನಾರ್ವೆಯ ಸೈನಿಕರಿಗೆ ಇದು ತರಬೇತಿಯ ಭಾಗವಾಗಿತ್ತು. ಸಾರ್ವಜನಿಕರಿಗಾಗಿ ನಡೆದ ಮೊದಲ ಸ್ಪರ್ಧೆ 1897ರ ಅಕ್ಟೋಬರ್ 31ರಂದು ನಾರ್ವೆಯ ಈಗಿನ ಆಸ್ಲೊ ನಗರದ ಹತ್ತಿರ ಜರುಗಿತು. ಓಡಿದವರು ಎಂಟೇ ಮಂದಿ. ಸ್ವೀಡನ್ನಿನ ಸೇನಾಧಿಕಾರಿ, ಸ್ಕೌಟ್ ನಾಯಕ ಅರ್ನ್‌ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್ ಸಮೀಪ ದೊಡ್ಡ ಸ್ಪರ್ಧೆಯೊಂದನ್ನು ನಡೆಸಿದ ಮೇಲೆ ಇದು ಜನರ ಆಟವಾಯಿತು. ಹುಡುಗರು ಬರೀ ಟ್ರ್ಯಾಕ್ ಸುತ್ತುವ ಓಟದಿಂದ ಬೇಸತ್ತು ದೂರವಾಗುತ್ತಿದ್ದುದನ್ನು ಕಂಡು, ಓಟದ ಜೊತೆಗೆ ತಲೆಗೂ ಕೆಲಸ ಕೊಡಬೇಕೆಂದು ಆತ ಹೊರಟದ್ದು. 1930ರ ದಶಕದಲ್ಲಿ ದ್ರವ ತುಂಬಿದ ಪಾರದರ್ಶಕ ದಿಕ್ಸೂಚಿ ಬಂತು. ಅದನ್ನು ನಕ್ಷೆಯ ಮೇಲೆ ನೇರವಾಗಿ ಇಟ್ಟು ದಿಕ್ಕು ಹಿಡಿಯುವುದು ಸುಲಭವಾದ್ದರಿಂದ ಸೈನ್ಯದ ಅನುಭವವಿಲ್ಲದವರೂ ಕಾಡಿಗೆ ಇಳಿದರು. 1961ರಲ್ಲಿ ಹತ್ತು ದೇಶಗಳು ಕೋಪನ್‌ಹೇಗನ್ನಿನಲ್ಲಿ ಸೇರಿ ಅಂತಾರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1966ರಲ್ಲಿ ಫಿನ್ಲೆಂಡಿನ ಫಿಸ್ಕಾರ್ಸ್‌ನಲ್ಲಿ ನಡೆಯಿತು. ಒಲಿಂಪಿಕ್ ಸಮಿತಿ 1977ರಲ್ಲಿ ಈ ಕ್ರೀಡೆಗೆ ಮಾನ್ಯತೆ ನೀಡಿದರೂ ಒಲಿಂಪಿಕ್ಸ್‌ನ ಪಟ್ಟಿಗೆ ಇದು ಸೇರಿಲ್ಲ.

ಹಿರಿಯರ ಕೂಟಗಳು ಹುಟ್ಟಿದ್ದು ಏಕೆಂದು ತಿಳಿಯಬೇಕಾದರೆ ಸ್ವೀಡನ್ನಿನ ಓ-ರಿಂಗೆನ್ ಕಡೆ ನೋಡಬೇಕು. 1965ರಲ್ಲಿ ಪೆಯೊ ಬೆಂಗ್ಟ್‌ಸನ್ ಮತ್ತು ಸಿವಾರ್ ನಿಲ್ಸನ್ ಆರಂಭಿಸಿದ, ಹಲವು ದಿನ ನಡೆಯುವ ಈ ಬೇಸಿಗೆಯ ಸ್ಪರ್ಧೆಗೆ ಮೊದಲ ವರ್ಷ ಬಂದವರು ನೂರೈವತ್ತರಷ್ಟು ಜನ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1985ರಲ್ಲಿ, ಫಾಲುನ್ ಊರಿಗೆ ಬಂದವರು ಸುಮಾರು 25,000. ಇವರೆಲ್ಲ ಕುಟುಂಬ ಸಮೇತ ಡೇರೆ ಹಾಕಿಕೊಂಡು ಉಳಿಯುವವರು. ಬೆಳಗ್ಗೆ ಒಂದೇ ಕಾಡಿನಲ್ಲಿ ಮೊಮ್ಮಗಳು ಹತ್ತು ವರ್ಷದವರ ವರ್ಗದಲ್ಲಿ, ತಾಯಿ ನಲವತ್ತರ ವರ್ಗದಲ್ಲಿ, ಅಜ್ಜ ಎಪ್ಪತ್ತರ ವರ್ಗದಲ್ಲಿ ಓಡಿ, ಮಧ್ಯಾಹ್ನ ಮೂವರೂ ತಂತಮ್ಮ ನಕ್ಷೆಗಳನ್ನು ಹರಡಿಕೊಂಡು ಎಲ್ಲಿ ತಪ್ಪಿದೆವೆಂದು ಮಾತಾಡುವುದು ಅಲ್ಲಿ ಸಾಮಾನ್ಯ ದೃಶ್ಯ. ಬಹುಪಾಲು ಕ್ರೀಡೆಗಳಲ್ಲಿ ಮೂವತ್ತೈದಕ್ಕೆ ಆಟ ಮುಗಿಯುತ್ತದೆ, ಆಮೇಲೆ ಉಳಿಯುವುದು ನೆನಪು. ನಾರ್ಡಿಕ್ ದೇಶಗಳ ಕ್ಲಬ್ಬುಗಳಲ್ಲಿ ಹಾಗಾಗಲಿಲ್ಲ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಓಡಲು ಕಲಿತ ತಲೆಮಾರು ಓಡುತ್ತಲೇ ನಡುವಯಸ್ಸಿಗೆ ಬಂತು. ತಮ್ಮ ವಯಸ್ಸಿನ ಬೇರೆ ದೇಶದವರೊಂದಿಗೆ ಪೈಪೋಟಿ ಮಾಡಬೇಕೆಂಬ ಆಸೆ ಸಹಜವಾಗಿ ಹುಟ್ಟಿತು. 1980ರ ದಶಕದಲ್ಲಿ ವೆಟರನ್ ವಿಶ್ವ ಕಪ್ ಎಂಬ ಹೆಸರಿನಲ್ಲಿ ಆರಂಭವಾದ ಸ್ಪರ್ಧೆ 1990ರ ದಶಕದಲ್ಲಿ ಬೆಳೆದು ಈಗಿನ ಮಾಸ್ಟರ್ಸ್ ಚಾಂಪಿಯನ್‌ಷಿಪ್ ಆಯಿತು.

ಕೂಟ ವರ್ಷಕ್ಕೊಮ್ಮೆ, ಪ್ರತಿ ಸಲ ಬೇರೆ ದೇಶದಲ್ಲಿ ನಡೆಯುತ್ತದೆ. 2007ರಲ್ಲಿ ಉತ್ತರ ಫಿನ್ಲೆಂಡಿನ ಕೂಸಮೊ, 2008ರಲ್ಲಿ ಪೋರ್ಚುಗಲ್, 2010ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್, 2014ರಲ್ಲಿ ಬ್ರೆಜಿಲ್, 2015ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್, 2016ರಲ್ಲಿ ಎಸ್ಟೋನಿಯಾದ ಟ್ಯಾಲಿನ್, 2019ರಲ್ಲಿ ಲಾಟ್ವಿಯಾದ ರೀಗಾ, 2024ರಲ್ಲಿ ಫಿನ್ಲೆಂಡಿನ ಟುರ್ಕು ಆತಿಥ್ಯ ವಹಿಸಿದವು. ಹಲವು ಕ್ರೀಡೆಗಳ ಹಿರಿಯರು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರುವ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದ ಜೊತೆಯಲ್ಲೇ ಕೆಲವು ಬಾರಿ ಇದೂ ನಡೆದಿದೆ: 2002ರಲ್ಲಿ ಮೆಲ್ಬರ್ನ್, 2005ರಲ್ಲಿ ಎಡ್ಮಂಟನ್, 2009ರಲ್ಲಿ ಸಿಡ್ನಿ, 2013ರಲ್ಲಿ ಟ್ಯೂರಿನ್, 2017ರಲ್ಲಿ ಆಕ್ಲೆಂಡ್. ಸ್ಲೊವಾಕಿಯಾದಲ್ಲಿ 2020ಕ್ಕೆ ನಿಗದಿಯಾಗಿದ್ದ ಕೂಟ ಕೋವಿಡ್ ಕಾರಣ ರದ್ದಾಯಿತು. ಅಲ್ಲಿನ ಕೊಶಿತ್ಸೆ ನಗರಕ್ಕೆ ಆ ಅವಕಾಶ 2023ರಲ್ಲಿ ಮರಳಿ ದೊರೆಯಿತು.

ವರ್ಗಗಳು ಮತ್ತು ಸ್ಪರ್ಧಾಕ್ರಮ

ಮಾಸ್ಟರ್ಸ್ ಚಾಂಪಿಯನ್‌ಷಿಪ್‌ಗೆ ದೇಶದ ಆಯ್ಕೆ ಸಮಿತಿ ಯಾರನ್ನೂ ಆರಿಸಿ ಕಳಿಸುವುದಿಲ್ಲ, ದೇಶಕ್ಕೆ ಇಷ್ಟೇ ಮಂದಿ ಎಂಬ ಮಿತಿಯೂ ಇಲ್ಲ. 35 ತುಂಬುವ ಯಾರೇ ಆಗಲಿ ಶುಲ್ಕ ಕಟ್ಟಿ, ಪ್ರಯಾಣದ ಖರ್ಚು ತಾವೇ ಹಾಕಿಕೊಂಡು ಬರಬಹುದು. ಹಾಗಾಗಿ ಒಂದೇ ಪಟ್ಟಿಯಲ್ಲಿ ಹಿಂದೆ ರಾಷ್ಟ್ರೀಯ ತಂಡದಲ್ಲಿ ಓಡಿದವರೂ ನಿವೃತ್ತಿಯ ನಂತರ ಕಲಿತವರೂ ಅಕ್ಕಪಕ್ಕದಲ್ಲಿರುತ್ತಾರೆ. ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಿದ ಇಸವಿಯಿಂದ ಎಣಿಸುವುದು ನಿಯಮ. 1960ರಲ್ಲಿ ಹುಟ್ಟಿದ ಪುರುಷ 2025ರ ಜನವರಿಯಿಂದಲೇ ಎಂ-65 ವರ್ಗಕ್ಕೆ, ಮಹಿಳೆ ಡಬ್ಲ್ಯು-65 ವರ್ಗಕ್ಕೆ ಸೇರುತ್ತಾರೆ. ಇದರ ಪರಿಣಾಮ ವಿಶೇಷವಾದದ್ದು. 64ರಲ್ಲಿ ತನ್ನ ವರ್ಗದ ಅತಿ ಹಿರಿಯನಾಗಿ ಹಿಂದೆ ಬೀಳುತ್ತಿದ್ದವನು 65ರಲ್ಲಿ ಹೊಸ ವರ್ಗದ ಅತಿ ಕಿರಿಯನಾಗಿ ಮುಂದೆ ಬರುತ್ತಾನೆ. ಐದು ವರ್ಷಕ್ಕೊಮ್ಮೆ ವಯಸ್ಸಾಗುವುದನ್ನು ಎದುರುನೋಡುವ ಜನ ಈ ಕ್ರೀಡೆಯಲ್ಲಿದ್ದಾರೆ.

ಸ್ಪರ್ಧೆಯಲ್ಲಿ ಎರಡು ಪಾಲು: ಊರಿನಲ್ಲಿ ನಡೆಯುವ ಸ್ಪ್ರಿಂಟ್, ಕಾಡಿನಲ್ಲಿ ನಡೆಯುವ ಮಿಡ್ಲ್ (ಮಧ್ಯಮ ದೂರ) ಮತ್ತು ಲಾಂಗ್ (ದೀರ್ಘ ದೂರ). ಸ್ಪ್ರಿಂಟ್‌ಗೂ ಕಾಡಿಗೂ ಬೇರೆಬೇರೆ ಅರ್ಹತಾ ಸುತ್ತುಗಳಿರುತ್ತವೆ. ಅರ್ಹತಾ ಸುತ್ತಿನ ಫಲಿತಾಂಶದಂತೆ ಓಟಗಾರರನ್ನು ಎ, ಬಿ, ಸಿ ಫೈನಲ್‌ಗಳಿಗೆ ಹಂಚುತ್ತಾರೆ. ವಿಶ್ವ ಮಾಸ್ಟರ್ಸ್ ಚಾಂಪಿಯನ್ ಎಂಬ ಬಿರುದು ಎ ಫೈನಲ್ ಗೆದ್ದವರಿಗೆ. ಆದರೆ ಅರ್ಹತಾ ಸುತ್ತಿನಲ್ಲಿ ಎಡವಿದವರೂ ಮನೆಗೆ ಹೋಗಬೇಕಾಗಿಲ್ಲ. ತಮ್ಮ ಮಟ್ಟದವರ ಜೊತೆ ಫೈನಲ್ ಓಡಿಯೇ ಹೋಗುತ್ತಾರೆ. ಸಾವಿರಾರು ಮೈಲಿ ದೂರದಿಂದ ಬಂದವರಿಗೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇರಲಾರದು.

ಒಂದೇ ವರ್ಗದವರನ್ನು ಒಟ್ಟಿಗೆ ಬಿಡುವುದಿಲ್ಲ. ನಿಗದಿತ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಆ ಗಳಿಗೆಗೆ ಮುಂಚೆ ನಕ್ಷೆಯನ್ನು ನೋಡುವಂತಿಲ್ಲ. ಗಡಿಯಾರ ಕೂಗಿದಾಗ ನಕ್ಷೆ ಕೈಗೆ ಬರುತ್ತದೆ. ಅದರ ಮೇಲೆ ನೇರಳೆ ಬಣ್ಣದ ತ್ರಿಕೋನ ಹೊರಡುವ ಜಾಗ, ಅಂಕಿ ಹಾಕಿದ ವೃತ್ತಗಳು ಕಂಟ್ರೋಲ್‌ಗಳು (ಮುಟ್ಟಬೇಕಾದ ತಾಣಗಳು), ಎರಡು ಸುತ್ತಿನ ವೃತ್ತ ಮುಕ್ತಾಯ. ಕಾಡಿನಲ್ಲಿ ಪ್ರತಿ ಕಂಟ್ರೋಲ್‌ನಲ್ಲಿ ಕಿತ್ತಳೆ-ಬಿಳಿ ಬಣ್ಣದ, 30 ಸೆಂಟಿಮೀಟರ್ ಅಗಲದ ಬಟ್ಟೆಯ ಗುರುತು ತೂಗಿರುತ್ತದೆ. ಅದರ ಸಂಕೇತ ಸಂಖ್ಯೆ ತನಗೆ ಕೊಟ್ಟ ಕಂಟ್ರೋಲ್‌ಗಳ ಪಟ್ಟಿಯೊಂದಿಗೆ ಸರಿಹೋಗುತ್ತದೆಯೇ ಎಂದು ನೋಡಿ, ಬೆರಳಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ಪನ್ನು ಅಲ್ಲಿರುವ ಪೆಟ್ಟಿಗೆಗೆ ತಾಗಿಸಬೇಕು. ಹತ್ತಿರದಲ್ಲೇ ಬೇರೆ ವರ್ಗಗಳ ಕಂಟ್ರೋಲ್‌ಗಳೂ ಇರುವುದರಿಂದ ಗುರುತು ಕಂಡ ಸಂತೋಷದಲ್ಲಿ ಸಂಖ್ಯೆ ನೋಡದೆ ತಪ್ಪು ಪೆಟ್ಟಿಗೆಗೆ ಚಿಪ್ ಒತ್ತಿ ಮುಂದೆ ಹೋದವರು ಅನರ್ಹರಾಗುತ್ತಾರೆ. ಹಳಬರೂ ಈ ತಪ್ಪು ಮಾಡುತ್ತಾರೆ.

ನಕ್ಷೆ, ಕಣ್ಣು, ಕಾಲು

ಎನ್‌ಸಿಸಿ ತರಗತಿಯಲ್ಲಿ ಸರ್ವೇ ಆಫ್ ಇಂಡಿಯಾದ ಟೋಪೋಶೀಟ್ ಹರಡಿ ದಿಕ್ಸೂಚಿ ಹಿಡಿದು ಕಲಿತವರಿಗೆ ಓರಿಯೆಂಟಿಯರಿಂಗ್ ನಕ್ಷೆ ಮೊದಲು ನೋಡಿದಾಗ ಬೇರೆಯದೇ ಲೋಕವಾಗಿ ಕಾಣುತ್ತದೆ. ನಮ್ಮ ಟೋಪೋಶೀಟಿನ ಅಳತೆ 1:50,000. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್, ಎರಡು ಸಮೋನ್ನತಿ ರೇಖೆಗಳ ನಡುವಿನ ಎತ್ತರ ಸಾಮಾನ್ಯವಾಗಿ 20 ಮೀಟರ್. ಓರಿಯೆಂಟಿಯರಿಂಗಿನಲ್ಲಿ ಕಾಡಿನ ನಕ್ಷೆಯ ಮೂಲ ಅಳತೆ 1:15,000, ರೇಖೆಗಳ ಅಂತರ 5 ಮೀಟರ್, ಸಮತಟ್ಟಾದ ನೆಲವಾದರೆ ಎರಡೂವರೆ. ಆಳೆತ್ತರದ ಬಂಡೆ, ಬಿದ್ದ ಮರದ ಬೇರು ಕಿತ್ತ ಗುಂಡಿ, ಒಣಗಿದ ತೊರೆ ಎಲ್ಲವೂ ಅದರಲ್ಲಿ ಇರುತ್ತದೆ. ಬಣ್ಣಗಳ ಅರ್ಥವೂ ಬೇರೆ. ಸಲೀಸಾಗಿ ಓಡಬಹುದಾದ ಕಾಡು ಬಿಳಿ, ಪೊದೆ ದಟ್ಟವಾದಷ್ಟೂ ಹಸಿರು ಗಾಢ, ಬಯಲು ಹಳದಿ, ಏರಿಳಿತ ಕಂದು, ನೀರು, ಜೌಗು ನೀಲಿ, ಬಂಡೆ ಮತ್ತು ಕಾಲುದಾರಿ ಕಪ್ಪು. ಅಂದರೆ ಹಸಿರು ಕಂಡಲ್ಲಿ ಕಾಡಿದೆ ಎಂದಲ್ಲ, ಅಲ್ಲಿ ಓಡುವುದು ಕಷ್ಟ ಎಂದು ಓದಿಕೊಳ್ಳಬೇಕು.

ವಯಸ್ಸು ಮೊದಲು ಕೈಯಿಡುವುದು ಕಣ್ಣಿಗೆ. ಚಾಳೀಸು ಬಂದವರಿಗೆ 1:15,000ರ ನಕ್ಷೆಯ ಕಂದು ರೇಖೆಗಳು ಓಡುವಾಗ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಅದಕ್ಕಾಗಿ ಹಿರಿಯರ ಕಾಡಿನ ಸ್ಪರ್ಧೆಗಳಲ್ಲಿ ಅದೇ ನಕ್ಷೆಯನ್ನು ಹಿಗ್ಗಿಸಿ 1:10,000ಕ್ಕೆ, ತೀರ ಹಿರಿಯ ವರ್ಗಗಳಿಗೆ 1:7,500ಕ್ಕೆ ಅಚ್ಚು ಮಾಡಿಕೊಡುತ್ತಾರೆ. ವಿವರ ಒಂದೂ ಕಡಿಮೆಯಾಗದು, ಗೆರೆ ಮಾತ್ರ ದೊಡ್ಡದಾಗುತ್ತದೆ. ಹೆಬ್ಬೆರಳಿಗೆ ತೊಡಿಸಿಕೊಳ್ಳುವ ದಿಕ್ಸೂಚಿಗೆ ಭೂತಕನ್ನಡಿ ಸಿಕ್ಕಿಸಿಕೊಳ್ಳುವವರಿದ್ದಾರೆ. ಮಳೆಯಲ್ಲಿ ಕನ್ನಡಕ ಮಂಜಾದಾಗ ಅದನ್ನು ಹಣೆಗೇರಿಸಿ, ನಕ್ಷೆಯನ್ನು ಮೂಗಿನ ಹತ್ತಿರ ತಂದು ಓದುವವರನ್ನು ಯಾವ ಕೂಟದಲ್ಲೂ ಕಾಣಬಹುದು.

ಆಮೇಲಿನದು ಉಸಿರು ಮತ್ತು ಕಾಲು. ನಡುವಯಸ್ಸಿನ ನಂತರ ದೇಹ ಬಳಸಿಕೊಳ್ಳಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಹತ್ತು ವರ್ಷಕ್ಕೆ ಸುಮಾರು ಹತ್ತನೇ ಒಂದು ಪಾಲಿನಷ್ಟು ಇಳಿಯುತ್ತ ಹೋಗುತ್ತದೆ. ತರಬೇತಿಯಿಂದ ಆ ಇಳಿತವನ್ನು ನಿಧಾನಗೊಳಿಸಬಹುದಷ್ಟೆ. ಕಂಟ್ರೋಲ್‌ಗಳ ತಾಣ ಗೊತ್ತುಮಾಡುವ ಅಧಿಕಾರಿ, ಅಂದರೆ ಕೋರ್ಸ್ ಸಿದ್ಧಪಡಿಸುವವರು, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರತಿ ವರ್ಗಕ್ಕೂ ಗೆಲ್ಲುವವರಿಗೆ ಇಂತಿಷ್ಟು ನಿಮಿಷ ಎಂದು ಗುರಿ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ದೂರ ಅಳೆಯುತ್ತಾರೆ. ಎಪ್ಪತ್ತರ ಮೇಲಿನವರ ದಾರಿಗೆ ಬಂಡೆರಾಶಿ, ಕಡಿದಾದ ಇಳಿಜಾರು, ಮುಳ್ಳುತಂತಿ ದಾಟುವ ಜಾಗಗಳು ಅಡ್ಡ ಬರದಂತೆ ನೋಡಿಕೊಳ್ಳಬೇಕು. ಹಾಗೆಂದು ಎಲ್ಲ ಕಂಟ್ರೋಲ್‌ಗಳನ್ನೂ ಕಾಲುದಾರಿಯ ಬದಿಗೆ ತಂದಿಟ್ಟರೆ ಓಟಗಾರರು ಮನಸಾರೆ ಸಿಟ್ಟಾಗುತ್ತಾರೆ. ಚಿಕ್ಕದಾಗಿ, ಸುರಕ್ಷಿತವಾಗಿ, ಆದರೂ ಕಠಿಣವಾಗಿ ಇರುವ ದಾರಿಯನ್ನು ಕಟ್ಟುವುದು ಯುವಕರಿಗೆ ಹದಿನೈದು ಕಿಲೋಮೀಟರಿನ ದಾರಿ ಕಟ್ಟುವುದಕ್ಕಿಂತ ಸೂಕ್ಷ್ಮವಾದ ಕೆಲಸ. ಈ ಕೆಲಸ ಬಲ್ಲವರ ಬಗ್ಗೆ ಎಷ್ಟು ಗೌರವ ತೋರಿದರೂ ಕಡಿಮೆಯೇ.

ಕಾಲು ಕಳೆದುಕೊಂಡದ್ದನ್ನು ಅನುಭವ ಎಲ್ಲಿ ತುಂಬಿಕೊಡುತ್ತದೆ ಎಂಬುದಕ್ಕೆ ಒಂದೆರಡು ಉದಾಹರಣೆ ಸಾಕು. ಕಂಟ್ರೋಲ್ ಎರಡು ತೊರೆಗಳು ಕೂಡುವ ಜಾಗದಲ್ಲಿದೆ ಎನ್ನಿ. ಹೊಸಬರು ನೇರ ಅದಕ್ಕೇ ಗುರಿಯಿಟ್ಟು ಓಡುತ್ತಾರೆ. ದಿಕ್ಸೂಚಿಯಲ್ಲಿ ಎರಡು ಡಿಗ್ರಿ ತಪ್ಪಿದರೂ ತೊರೆಗೆ ಬಂದು ಮುಟ್ಟಿದಾಗ ಸಂಗಮ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದೆ ಹುಡುಕುತ್ತ ನಿಲ್ಲುತ್ತಾರೆ. ಪಳಗಿದವರು ಬೇಕೆಂದೇ ಐವತ್ತು ಮೀಟರ್ ಎಡಕ್ಕೆ ಗುರಿಯಿಡುತ್ತಾರೆ. ತೊರೆ ಸಿಕ್ಕೊಡನೆ ಯೋಚಿಸದೆ ಬಲಕ್ಕೆ ತಿರುಗಿದರಾಯಿತು. ಗುಡ್ಡದ ಲೆಕ್ಕವೂ ಹಾಗೆಯೇ. ಹತ್ತು ಮೀಟರ್ ಏರುವುದು ನೂರು ಮೀಟರ್ ಸಮನೆಲ ಓಡಿದಂತೆ ಎಂಬುದು ಓಟಗಾರರ ನಡುವೆ ರೂಢಿಯಲ್ಲಿರುವ ಅಂದಾಜು. ವಯಸ್ಸಾದಂತೆ ಏರಿನ ಬೆಲೆ ಹೆಚ್ಚುವುದರಿಂದ, ಮೂವತ್ತರಲ್ಲಿ ಗುಡ್ಡದ ಮೇಲೆ ಹಾದುಹೋಗುತ್ತಿದ್ದವರು ಅರವತ್ತರಲ್ಲಿ ಅದೇ ಗುಡ್ಡವನ್ನು ಬಳಸಿ ಹೋಗುವುದು ಜಾಣತನ. ಹೆಜ್ಜೆ ಎಣಿಸಿ ದೂರ ಅಳೆಯುವವರು ತಮ್ಮ ಲೆಕ್ಕವನ್ನು ಆಗಾಗ ತಿದ್ದಿಕೊಳ್ಳಬೇಕು, ಹೆಜ್ಜೆ ಗಿಡ್ಡವಾಗುತ್ತ ಹೋಗುತ್ತದೆ. ತನ್ನ ದೇಹ ಇಂದು ಎಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಅರಿತವರು ತಮಗಿಂತ ವೇಗಿಗಳನ್ನು ಸೋಲಿಸುವ ಅವಕಾಶ ಈ ಕ್ರೀಡೆಯಲ್ಲಿ ಕಡೆಯವರೆಗೂ ಉಳಿದಿರುತ್ತದೆ. ಐದು ನಿಮಿಷ ದಾರಿ ತಪ್ಪಿದ ವೇಗಿ ಆ ಐದು ನಿಮಿಷವನ್ನು ಕಾಲಿನಿಂದ ಮರಳಿ ಪಡೆಯುವುದು ಬಲು ಕಷ್ಟ.

ನೆಲದ ಗುಣ ದೇಶದಿಂದ ದೇಶಕ್ಕೆ ಬದಲಾಗುವುದೇ ಈ ಕೂಟದ ದೊಡ್ಡ ಆಕರ್ಷಣೆ. ಫಿನ್ಲೆಂಡಿನಲ್ಲಿ ಹಿಮಗಡ್ಡೆ ಉಜ್ಜಿ ಬಿಟ್ಟುಹೋದ ಬಂಡೆ, ದಿಣ್ಣೆ, ಜೌಗುಗಳ ಕಾಡು. ಪಾಚಿಯ ಮೇಲೆ ಕಾಲಿಟ್ಟರೆ ಕುಸಿಯುತ್ತದೆ, ಮೂರು ನೂರು ಮೀಟರಿನಲ್ಲಿ ಒಂದೇ ಬಗೆಯ ಇಪ್ಪತ್ತು ದಿಣ್ಣೆ ಎದುರಾಗುತ್ತವೆ. ಸ್ವಿಟ್ಜರ್ಲೆಂಡಿನ ಜೂರಾದಲ್ಲಿ ಸುಣ್ಣಕಲ್ಲು ಕರಗಿ ಉಂಟಾದ ಹೊಂಡಗಳು. ಇಟಲಿಯ ಗಾರ್ಗಾನೊ ಪರ್ಯಾಯದ್ವೀಪದಲ್ಲಿ 2022ರ ಕೂಟ ನಡೆದಾಗ ಕಡಲ ದಂಡೆಯ ಸುಡುಬಿಸಿಲಿನ ಊರುಗಳೂ, ಮೇಲೆ ಬೆಟ್ಟದಲ್ಲಿ ಫೊರೆಸ್ಟಾ ಉಂಬ್ರದ ತಂಪಾದ ಬೀಚ್ ಮರಗಳ ನೆರಳೂ ಒಂದೇ ವಾರದಲ್ಲಿ ಸಿಕ್ಕವು. ಫಿನ್ಲೆಂಡ್, ಸ್ವೀಡನ್, ನಾರ್ವೆ, ಸ್ವಿಟ್ಜರ್ಲೆಂಡ್‌ಗಳ ಓಟಗಾರರೇ ಪದಕಪಟ್ಟಿಯಲ್ಲಿ ಹೆಚ್ಚು. ಅವರು ಬೆಳೆದದ್ದೇ ಇಂಥ ಕಾಡುಗಳಲ್ಲಿ.

ಸ್ಪ್ರಿಂಟ್‌ನಲ್ಲಿ ಸಮಸ್ಯೆಯ ಬಗೆ ಬೇರೆ. ಹಳೆಯ ಪೇಟೆಗಳ ಸಂದಿಗೊಂದಿ, ಮೆಟ್ಟಿಲು, ಕಮಾನುಗಳ ನಡುವೆ 1:4,000 ಅಥವಾ 1:3,000 ಅಳತೆಯ ನಕ್ಷೆ ಹಿಡಿದು ಓಡಬೇಕು. ದಪ್ಪ ಕಪ್ಪು ಗೆರೆಯ ಗೋಡೆ ನೋಡಲು ಮೊಣಕಾಲೆತ್ತರ ಇದ್ದರೂ ದಾಟುವಂತಿಲ್ಲ. ಮಂಕು ಹಸಿರು ಬಣ್ಣದ ಖಾಸಗಿ ಹಿತ್ತಿಲಿಗೆ ಕಾಲಿಟ್ಟರೆ ಅನರ್ಹತೆ. ತೀರ್ಮಾನ ಸೆಕೆಂಡುಗಳಲ್ಲಿ ಆಗಬೇಕಾದ್ದರಿಂದ ಕಾಡಿನ ಓಟದಲ್ಲಿ ನಿಧಾನವಾಗಿ ಯೋಚಿಸಿ ಗೆಲ್ಲುವವರು ಇಲ್ಲಿ ತಡಕಾಡುವುದುಂಟು.

ಸಂಬಂಧಿಸಿದ ಸ್ಪರ್ಧೆಗಳು ಮತ್ತು ಅಧ್ಯಯನ

ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಮತ್ತು ಗುಡ್ಡಗಾಡು ಸೈಕಲ್ ತುಳಿದು ಮಾಡುವ ಓರಿಯೆಂಟಿಯರಿಂಗ್‌ಗಳಿಗೂ ವಿಶ್ವ ಮಾಸ್ಟರ್ಸ್ ಕೂಟಗಳಿವೆ; ಭಾಗವಹಿಸುವವರ ಸಂಖ್ಯೆ ಕಡಿಮೆ. ಓಡಲಾಗದವರಿಗೆ ಟ್ರೇಲ್ ಓರಿಯೆಂಟಿಯರಿಂಗ್ ಇದೆ. ಇದರಲ್ಲಿ ದಾರಿಯ ಮೇಲೆಯೇ ನಿಂತು, ದೂರದಲ್ಲಿ ಕಾಣುವ ಹಲವು ಗುರುತುಗಳಲ್ಲಿ ನಕ್ಷೆಯಲ್ಲಿ ತೋರಿಸಿದ್ದು ಯಾವುದು, ಅಥವಾ ಯಾವುದೂ ಅಲ್ಲವೇ ಎಂದು ಉತ್ತರಿಸಬೇಕು. ಗಾಲಿಕುರ್ಚಿಯಲ್ಲಿರುವವರೂ ಓಡಬಲ್ಲವರೂ ಸರಿಸಮವಾಗಿ ಸ್ಪರ್ಧಿಸುವ ಈ ಪ್ರಕಾರದ ಮೊದಲ ವಿಶ್ವ ಚಾಂಪಿಯನ್‌ಷಿಪ್ 2004ರಲ್ಲಿ ಸ್ವೀಡನ್ನಿನಲ್ಲಿ ಜರುಗಿತು.

ವೃದ್ಧಾಪ್ಯದ ಅಧ್ಯಯನ ಮಾಡುವವರ ಕಣ್ಣೂ ಈಚೆಗೆ ಈ ಕ್ರೀಡೆಯ ಮೇಲೆ ಬಿದ್ದಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಎಮ್ಮಾ ವಾಡಿಂಗ್ಟನ್ ಮತ್ತು ಜೆನಿಫರ್ ಹೈಸ್ 18ರಿಂದ 87 ವರ್ಷದ 158 ಮಂದಿಯನ್ನು ಪ್ರಶ್ನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಳಗಿದ ಓರಿಯೆಂಟಿಯರಿಂಗ್ ಪಟುಗಳು ಸ್ಥಳ-ದಿಕ್ಕುಗಳನ್ನು ಗ್ರಹಿಸುವುದರಲ್ಲಿ ಮತ್ತು ನೆನಪಿಡುವುದರಲ್ಲಿ ತಾವು ಹೆಚ್ಚು ಸಮರ್ಥರೆಂದು ಹೇಳಿಕೊಂಡದ್ದು ಕಂಡುಬಂತು. ಇದು ಅವರವರ ಹೇಳಿಕೆಯನ್ನು ಆಧರಿಸಿದ ಫಲಿತಾಂಶ. ಕ್ರೀಡೆಯಿಂದ ಆ ಸಾಮರ್ಥ್ಯ ಬಂತೋ, ಸಾಮರ್ಥ್ಯ ಇದ್ದವರೇ ಕ್ರೀಡೆಯಲ್ಲಿ ಉಳಿದರೋ ಎಂಬುದನ್ನು ಇದರಿಂದ ತೀರ್ಮಾನಿಸುವಂತಿಲ್ಲ. ಮರೆವಿನ ರೋಗಕ್ಕೆ ಓರಿಯೆಂಟಿಯರಿಂಗ್ ಮದ್ದು ಎಂದು ಇದರ ಆಧಾರದ ಮೇಲೆ ಹೇಳುವುದು ತಪ್ಪಾಗುತ್ತದೆ.

ಸುರಕ್ಷತೆ

ಒಬ್ಬಂಟಿಯಾಗಿ ಕಾಡಿಗೆ ಹೋಗುವ ಕ್ರೀಡೆಯಾದ್ದರಿಂದ ಎರಡು ನಿಯಮಗಳನ್ನು ಯಾವ ವಯಸ್ಸಿನವರೂ ಮೀರುವಂತಿಲ್ಲ. ಗಾಯಗೊಂಡವರು ಕಂಡರೆ ತನ್ನ ಓಟವನ್ನು ಬಿಟ್ಟು ನೆರವಾಗುವುದು ಪ್ರತಿಯೊಬ್ಬರ ಕರ್ತವ್ಯ. ಚಿನ್ನದ ಪದಕಕ್ಕೆ ಎರಡು ಕಂಟ್ರೋಲ್ ಉಳಿದಿದ್ದರೂ ಅಷ್ಟೆ. ಎರಡನೆಯದು, ಅರ್ಧದಲ್ಲಿ ಬಿಟ್ಟವರೂ ಮುಕ್ತಾಯದ ಸ್ಥಳಕ್ಕೆ ಬಂದು ಚಿಪ್ ಒಪ್ಪಿಸಲೇಬೇಕು, ನೇರವಾಗಿ ಡೇರೆಗೋ ಬಸ್ಸಿಗೋ ಹೋಗಕೂಡದು. ಚಿಪ್ ಓದಿದಾಗ ಹೊರಟವರ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಗುರುತು ಬೀಳುತ್ತದೆ. ಸಾವಿರಾರು ಮಂದಿ ಓಡುವ ಕೂಟದಲ್ಲಿ ಸಂಜೆಯ ಹೊತ್ತಿಗೆ ಗುರುತು ಬೀಳದ ಒಂದೆರಡು ಹೆಸರುಗಳು ಉಳಿದಿರುತ್ತವೆ, ಅವು ಬಹಳ ಸಲ ಅತಿ ಹಿರಿಯ ವರ್ಗದವರವು. ಆ ವೇಳೆಗೆ ಪದಕ ಪ್ರದಾನ ಮುಗಿದು ಬಸ್ಸುಗಳು ಹೊರಟಿದ್ದರೂ ಮುಕ್ತಾಯದ ಗೆರೆಯ ಬಳಿ ಕೆಲವರು ಕಾಡಿನ ಅಂಚನ್ನೇ ನೋಡುತ್ತ ನಿಂತಿರುತ್ತಾರೆ. ಕೊನೆಯ ಓಟಗಾರರು ಮರಗಳ ನಡುವಿನಿಂದ ನಡೆದು ಬಂದು, ಚಿಪ್ ಒತ್ತಿ, ಹೊರಟವರ ಮತ್ತು ಬಂದವರ ಲೆಕ್ಕ ಸರಿಹೊಂದಿದ ಮೇಲಷ್ಟೇ ಕಂಟ್ರೋಲ್‌ಗಳನ್ನು ಎತ್ತಿಕೊಂಡು ಬರಲು ಸ್ವಯಂಸೇವಕರನ್ನು ಕಾಡಿಗೆ ಕಳಿಸುತ್ತಾರೆ.